ತೋಟದ ಜೀಪ್ ಹೊರಡುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಗೊಬ್ಬರದಿಂದ ಹಿಡಿದು ಕೆಲಸದವರ ಬುತ್ತಿಯವರೆಗೆ ಎಲ್ಲವನ್ನೂ ಹೊರುವುದು ಜೀಪ್. ಇಲ್ಲಿನ ಉತ್ತರಗಳು ಮುಖ್ಯವಾಗಿ ಮಹೀಂದ್ರ ಎಂಎಂ 540, 2010ರಲ್ಲಿ ಬಂದ ಮೊದಲ ಥಾರ್ ಮುಂತಾದ, ಬೇಕೆಂದಾಗ ಮಾತ್ರ ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಗಾಡಿಗಳಿಗೆ ಅನ್ವಯಿಸುತ್ತವೆ. ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ನಡೆಯಲಿ.

ದಿನವೂ ಓಡುವ ಗಾಡಿಯನ್ನು ದಿನವೂ ಪರೀಕ್ಷಿಸಬೇಕೇ?

ಬೇಕು. ಹತ್ತು ನಿಮಿಷದ ಕೆಲಸ. ತೋಟದ ದಾರಿಯಲ್ಲಿ ಕಲ್ಲು, ಬೇರು, ಕೊರಕಲು ಗಾಡಿಯ ಹೊಟ್ಟೆಗೆ ಬಡಿಯುತ್ತಲೇ ಇರುತ್ತವೆ. ನಿನ್ನೆ ಸಂಜೆ ಬಿದ್ದ ಪೆಟ್ಟು ನಿನ್ನೆಯೇ ಗೊತ್ತಾಗುವುದಿಲ್ಲ; ರಾತ್ರಿಯಿಡೀ ತೊಟ್ಟಿಕ್ಕಿ, ಬೆಳಿಗ್ಗೆ ಶೆಡ್ಡಿನ ನೆಲದ ಮೇಲೆ ಕಾಣುತ್ತದೆ.

ಜೀಪ್ ಕೊಳ್ಳುವವರೆಲ್ಲ ಅದು ಎಷ್ಟು ಏರು ಹತ್ತುತ್ತದೆ ಎಂದು ಕೇಳುತ್ತಾರೆ. ಹತ್ತಲಾಗದ ಜೀಪ್ ಹೆಚ್ಚೆಂದರೆ ಅಲ್ಲೇ ನಿಲ್ಲುತ್ತದೆ. ಇಳಿಜಾರಿನಲ್ಲಿ ನಿಲ್ಲಲಾಗದ ಜೀಪ್ ಎಲ್ಲಿ ನಿಲ್ಲುತ್ತದೆ ಎಂದು ಯಾರೂ ಹೇಳಲಾರರು. ಆದ್ದರಿಂದ ಬೆಳಗಿನ ಪರೀಕ್ಷೆಯನ್ನು ಇಳಿಯುವುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಬೇಕು. ಸಮಯ ಎರಡೇ ನಿಮಿಷ ಇದ್ದರೆ ಆ ಎರಡು ನಿಮಿಷವೂ ಬ್ರೇಕಿಗೆ ಸೇರಿದ್ದು.

ಎಲ್ಲಿಂದ ಆರಂಭಿಸಬೇಕು?

ನೆಲದಿಂದ. ಗಾಡಿಯನ್ನು ಅಲುಗಿಸುವ ಮೊದಲು ಬಗ್ಗಿ ಕೆಳಗೆ ನೋಡಿ. ಕಪ್ಪಗೆ ಜಾರುವುದು ಎಂಜಿನ್ ಆಯಿಲ್. ಮಂದವಾಗಿ, ಘಾಟು ವಾಸನೆಯದು ಗೇರ್ ಬಾಕ್ಸ್ ಅಥವಾ ಹೌಸಿಂಗ್ (ಅಚ್ಚಿನ ನಡುವಿನ ಗೇರುಗಳ ಗೂಡು) ಆಯಿಲ್. ಬಣ್ಣದ ನೀರಿನಂತಿರುವುದು ಕೂಲೆಂಟ್. ಚಕ್ರದ ಒಳಬದಿಯಲ್ಲಿ, ಟೈರಿನ ಗೋಡೆಯ ಮೇಲೆ ತೆಳ್ಳಗಿನ ಒದ್ದೆ ಕಂಡರೆ ಅದು ಬ್ರೇಕ್ ಆಯಿಲ್ ಆಗಿರಬಹುದು, ಅಥವಾ ಹಬ್ (ಚಕ್ರದ ನಡುಭಾಗ) ಸೀಲಿನಿಂದ ಬಂದ ಆಯಿಲ್ ಆಗಿರಬಹುದು. ಯಾವುದಾದರೂ ಸರಿ, ಅದು ಬ್ರೇಕ್ ಡ್ರಮ್ಮಿನೊಳಗೆ ಲೈನರ್ (ಉಜ್ಜಿ ಹಿಡಿಯುವ ಪಟ್ಟಿ) ಮೇಲೆ ಹರಡಿದ್ದರೆ ಆ ಚಕ್ರ ಸರಿಯಾಗಿ ಹಿಡಿಯುವುದಿಲ್ಲ. ಅಂಥ ಗಾಡಿ ಅಂದು ಹೊರಡಬಾರದು.

ನಂತರ ಸ್ಪ್ರಿಂಗ್ ಪ್ಲೇಟುಗಳು. ಒಂದು ಪ್ಲೇಟ್ ಮುರಿದಿದ್ದರೆ ಗಾಡಿ ಒಂದು ಬದಿಗೆ ವಾಲಿರುತ್ತದೆ. ಸಮತಟ್ಟಾದ ಜಾಗದಲ್ಲಿ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದರೆ ತಿಳಿಯುತ್ತದೆ. ಸ್ಪ್ರಿಂಗನ್ನು ಅಚ್ಚಿಗೆ ಬಿಗಿಯುವ ಯು ಬೋಲ್ಟ್ ಸಡಿಲವಾಗಿದ್ದರೆ ಅದರ ಸುತ್ತ ತುಕ್ಕಿನ ಪುಡಿಯೋ ಹೊಳೆಯುವ ಉಜ್ಜಿದ ಗುರುತೋ ಇರುತ್ತದೆ. ಅಚ್ಚಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿ ನೋಡಿ. ಅದರ ತುದಿಯ ಕ್ರಾಸ್ ಜಾಯಿಂಟಿನಲ್ಲಿ ಆಟ ಕಂಡರೆ ಗ್ರೀಸ್ ಹೊಡೆದು ಸಮಾಧಾನ ಮಾಡಿಕೊಳ್ಳಬೇಡಿ, ಬದಲಿಸಿ. ಗೇರ್ ಬಾಕ್ಸಿನ ಕಡೆಯ ಜಾಯಿಂಟ್ ಓಡುವಾಗ ತುಂಡಾದರೆ ಶಾಫ್ಟಿನ ಮುಂಭಾಗ ನೆಲಕ್ಕೆ ಚುಚ್ಚಿಕೊಳ್ಳುತ್ತದೆ.

ಬ್ರೇಕಿನ ಹೋಸ್‌ಗಳ ಸುತ್ತ ಒಣಗಿದ ಕೆಸರು, ಸಿಕ್ಕಿಕೊಂಡ ಕಡ್ಡಿ ಇದ್ದರೆ ತೆಗೆಯಿರಿ. ಬೇಸಿಗೆಯಾದರೆ ಸೈಲೆನ್ಸರ್ ಕೊಳವೆಯ ಮೇಲೆ ಕೂತ ಒಣ ತರಗೆಲೆಯನ್ನೂ ತೆಗೆಯಿರಿ. ಫೆಬ್ರುವರಿ, ಮಾರ್ಚಿನಲ್ಲಿ ಬೆಂಕಿ ಹತ್ತಲು ಅಷ್ಟು ತರಗೆಲೆಯೇ ಸಾಕು.

ಬಾನೆಟ್ ಎತ್ತಿದ ಮೇಲೆ ಏನು ನೋಡಬೇಕು?

ಮೊದಲು ಇಲಿ. ನಗಬೇಡಿ. ಕಾಳು, ಹಿಂಡಿ ಇಡುವ ಶೆಡ್ಡಿನಲ್ಲೇ ಗಾಡಿ ನಿಲ್ಲಿಸುವ ತೋಟಗಳಲ್ಲಿ ವೈರ್ ಕತ್ತರಿಸುವುದು ಅವುಗಳ ನಿತ್ಯದ ಕೆಲಸ. ಇಲಿ ಇರುವಲ್ಲಿಗೆ ಹಾವೂ ಬರುತ್ತದೆ. ಕೈ ಹಾಕುವ ಮೊದಲು ಕಣ್ಣು ಹಾಕಿ.

ಎಂಜಿನ್ ಆಯಿಲ್ ನೋಡಬೇಕಾದರೆ ಗಾಡಿ ಸಮತಟ್ಟಿನಲ್ಲಿರಬೇಕು, ಎಂಜಿನ್ ತಣ್ಣಗಿರಬೇಕು. ಕಡ್ಡಿಯನ್ನು ಹೊರತೆಗೆದು ಒರೆಸಿ, ಮತ್ತೆ ಇಳಿಸಿ ನೋಡಿ. ಎರಡು ಗೆರೆಗಳ ನಡುವೆ ಇದ್ದರೆ ಸರಿ. ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಎಂಜಿನ್ ಚಾಲೂ ಮಾಡಲೇಬೇಡಿ. ರೇಡಿಯೇಟರ್ ಮುಚ್ಚಳವನ್ನು ಬೆಳಿಗ್ಗೆ ತಣ್ಣಗಿರುವಾಗ ಮಾತ್ರ ತೆರೆಯಬೇಕು.

ಫ್ಯಾನ್ ಬೆಲ್ಟಿಗೆ ಸ್ವಲ್ಪ ಹೆಚ್ಚು ಗಮನ ಕೊಡಿ. ಹಲವು ಡೀಸೆಲ್ ಜೀಪ್‌ಗಳಲ್ಲಿ ಪೆಡಲನ್ನು ಹಗುರಾಗಿಸುವ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಪಂಪ್, ಈ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಬೆಲ್ಟ್ ಹರಿದರೆ ಎಂಜಿನ್ ಕಾಯುವುದು, ಬ್ಯಾಟರಿ ಚಾರ್ಜ್ ಆಗದಿರುವುದು ಒತ್ತಟ್ಟಿಗಿರಲಿ, ಕೆಲವೇ ಒತ್ತುಗಳಲ್ಲಿ ಬ್ರೇಕಿನ ಪೆಡಲ್ ಕಲ್ಲಾಗುತ್ತದೆ. ಬೆಲ್ಟಿನ ಒಳಮೈಯಲ್ಲಿ ಬಿರುಕು ಕಂಡರೆ ಇಂದೇ ಬದಲಿಸಿ, ಇನ್ನೊಂದನ್ನು ಸೀಟಿನ ಕೆಳಗಿಡಿ.

ಕುಯ್ಲಿನ ಕಾಲದಲ್ಲಿ, ಎಂದರೆ ನವೆಂಬರಿನಿಂದ ಫೆಬ್ರುವರಿಯವರೆಗೆ, ದಾರಿಯೆಲ್ಲ ಧೂಳು. ಏರ್ ಕ್ಲೀನರ್ ಅನ್ನು ಸರ್ವಿಸಿನವರೆಗೆ ಬಿಡದೆ ವಾರಕ್ಕೊಮ್ಮೆಯಾದರೂ ಬಿಚ್ಚಿ ನೋಡಿ. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಬಸಿಯಿರಿ. ಬ್ಯಾರಲ್ಲಿನಿಂದ ಡೀಸೆಲ್ ತುಂಬುವ ತೋಟಗಳಲ್ಲಿ ಇದು ತಪ್ಪದು.

ಬ್ರೇಕ್ ಸರಿಯಿದೆಯೇ ಎಂದು ನಿಂತಲ್ಲೇ ತಿಳಿಯುವುದು ಹೇಗೆ?

ನಾಲ್ಕು ಹಂತ. ಮೊದಲನೆಯದು, ಬ್ರೇಕ್ ಆಯಿಲಿನ ಡಬ್ಬಿ. ಲೈನರ್ ಸವೆದಂತೆ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಒಂದು ವಾರದಲ್ಲಿ ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಮೇಲಿಂದ ತುಂಬಿಸಿ ಹೊರಡುವ ಅಭ್ಯಾಸ ಬಹಳ ಕಡೆ ಇದೆ, ಬಹಳ ಕೆಟ್ಟದ್ದು.

ಎರಡನೆಯದು, ಎಂಜಿನ್ ಆರಿಸಿದ್ದಾಗ ಪೆಡಲನ್ನು ಗಟ್ಟಿಯಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಕಾಲು ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರ್ ಒಳಗೆ ಬಿಡುತ್ತಿದೆ ಅಥವಾ ಹೊರಗೆ ಸೋರಿಕೆಯಿದೆ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಸೇರಿದೆ. ಎರಡು ಮೂರು ಸಲ ಒತ್ತಿದ ಮೇಲೆ ಗಟ್ಟಿಯಾಗುತ್ತದೆ ಎಂದು ಚಾಲಕ ಹೇಳಿದರೆ ಒಪ್ಪಬೇಡಿ. ತಿರುವಿನಲ್ಲಿ ಮೂರು ಸಲ ಒತ್ತುವ ಹೊತ್ತಿರುವುದಿಲ್ಲ.

ಮೂರನೆಯದು ಬೂಸ್ಟರ್ ಇರುವ ಗಾಡಿಗಳಿಗೆ. ಎಂಜಿನ್ ಆರಿಸಿಯೇ ನಾಲ್ಕೈದು ಸಲ ಒತ್ತಿ, ಕಾಲು ತೆಗೆಯದೆ ಹಿಡಿದುಕೊಂಡು ಎಂಜಿನ್ ಚಾಲೂ ಮಾಡಿ. ಪೆಡಲ್ ತುಸು ಕೆಳಗೆ ಸರಿಯಬೇಕು. ಸರಿಯದಿದ್ದರೆ ಬೂಸ್ಟರ್ ಕೆಲಸ ಮಾಡುತ್ತಿಲ್ಲ.

ನಾಲ್ಕನೆಯದು, ಕಣದಲ್ಲೋ ಅಂಗಳದಲ್ಲೋ ನಡಿಗೆಯ ವೇಗದಲ್ಲಿ ಹೋಗಿ ಒತ್ತಿ ನೋಡಿ. ಗಾಡಿ ಎಡಕ್ಕೋ ಬಲಕ್ಕೋ ಎಳೆದರೆ ಒಂದು ಬದಿಯ ಚಕ್ರ ಹಿಡಿಯುತ್ತಿಲ್ಲ. ಈ ಪರೀಕ್ಷೆಯನ್ನು ಗೇಟಿನಾಚೆಯ ಮೊದಲ ಇಳಿಜಾರಿಗೆ ಬಿಡುವವರಿದ್ದಾರೆ. ಅಲ್ಲಿ ಫಲಿತಾಂಶ ಸಿಗುತ್ತದೆ ನಿಜ, ಅದರಿಂದ ಪ್ರಯೋಜನವಿಲ್ಲ.

ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ, ಗೇರಿನಲ್ಲಿ ನಿಲ್ಲಿಸಿದರೆ ಸಾಕಲ್ಲವೇ?

ಸಾಲದು. ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಅಪಾಯವೊಂದಿದೆ. ಜೀಪ್‌ನಲ್ಲಿ ಗೇರ್ ಲಿವರಿನ ಜೊತೆಗೆ, ಬಲವನ್ನು ಎರಡು ಚಕ್ರಕ್ಕೋ ನಾಲ್ಕಕ್ಕೋ ಕೊಡುವ ಟ್ರಾನ್ಸ್‌ಫರ್ ಕೇಸಿನ ಲಿವರೂ ಇರುತ್ತದೆ. ಫೋರ್ ವೀಲ್ ಹೈನಿಂದ (ಸಾಮಾನ್ಯ ವೇಗ) ಲೋಗೆ (ನಿಧಾನ, ಹೆಚ್ಚು ಎಳೆತ) ಹೋಗುವ ನಡುವೆ ಅದಕ್ಕೊಂದು ನ್ಯೂಟ್ರಲ್ ಇದೆ. ಲಿವರ್ ಅಲ್ಲಿ ನಿಂತುಬಿಟ್ಟರೆ, ಗೇರ್ ಮೊದಲನೆಯದರಲ್ಲಿದ್ದರೂ ಚಕ್ರಗಳಿಗೂ ಎಂಜಿನ್‌ಗೂ ಸಂಬಂಧವೇ ಇರುವುದಿಲ್ಲ. ಗಾಡಿ ಆರಾಮಾಗಿ ಉರುಳಿ ಹೋಗುತ್ತದೆ. ಚೀಲ ತುಂಬುವವರು ಹಿಂದೆ ನಿಂತಿರುವಾಗ ಹೀಗಾದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ.

ನಿಲ್ಲಿಸುವಾಗ ಎರಡೂ ಲಿವರ್ ಕಚ್ಚಿಕೊಂಡಿವೆಯೇ ನೋಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಕ್ಕೆ ಮರದ ತುಂಡು ಒತ್ತು ಕೊಡಿ. ತುಂಡನ್ನು ಗಾಡಿಯಲ್ಲೇ ಇಟ್ಟುಕೊಳ್ಳಬೇಕು. ಬೇಕಾದ ಹೊತ್ತಿಗೆ ಕಲ್ಲು ಹುಡುಕುವುದು ಅಪಾಯದ ಆಟ. ಹಳೆಯ ವಿಲ್ಲಿಸ್ ಮಾದರಿಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ, ಚಕ್ರವನ್ನಲ್ಲ. ಅಂಥ ಗಾಡಿಯ ಹಿಂದಿನ ಒಂದು ಚಕ್ರವನ್ನು ಜಾಕ್ ಹಾಕಿ ಎತ್ತಿದರೆ ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಜರುಗಬಲ್ಲದು.

ಟೈರ್ ವಿಷಯದಲ್ಲಿ?

ಟೈರಿನ ಗೆರೆಗಳ ಆಳ 1.6 ಮಿಲಿಮೀಟರಿಗೆ ಇಳಿಯುವವರೆಗೆ ಓಡಿಸಬಹುದು ಎನ್ನುವುದು ಡಾಂಬರಿನ ಲೆಕ್ಕ. ಜುಲೈ ತಿಂಗಳ ಜೇಡಿಮಣ್ಣಿನಲ್ಲಿ ಅಷ್ಟು ಸವೆದ ಟೈರ್ ಕೆಲಸಕ್ಕೆ ಬಾರದು. ಟೈರಿನ ಒಳಗೋಡೆಯನ್ನು ನೋಡಲು ಮರೆಯಬೇಡಿ, ಕಪಾತು ಮಾಡಿದ, ಎಂದರೆ ಕೊಂಬೆ ಕತ್ತರಿಸಿದ ಗಿಡದ ಕೂಳೆ ಸೀಳುವುದು ಅಲ್ಲಿಯೇ. ಗಾಳಿಯ ಒತ್ತಡ ಕೈಪಿಡಿಯಲ್ಲಿದ್ದಷ್ಟಿರಲಿ. ಕೆಸರಿಗೆಂದು ಇಳಿಸಿದರೆ ಮತ್ತೆ ತುಂಬಲು ಪಂಪ್ ಜೊತೆಯಲ್ಲಿರಬೇಕು. ವೀಲ್ ನಟ್ಟುಗಳನ್ನು ಸ್ಪ್ಯಾನರ್ ಹಾಕಿ ಮುಟ್ಟಿ ನೋಡಿ. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ.

ಫೋರ್ ವೀಲ್ ಯಾವಾಗ ಹಾಕಬೇಕು? ಡಾಂಬರ್ ರಸ್ತೆಯಲ್ಲೂ ಹಾಕಬಹುದೇ?

ಜಾರುವ ಜಾಗಕ್ಕೆ ತಲುಪುವ ಮೊದಲೇ ಹಾಕಬೇಕು, ಹೂತ ಮೇಲಲ್ಲ. ಮುಂದಿನ ಹಬ್‌ಗಳಲ್ಲಿ ಕೈಯಿಂದ ತಿರುಗಿಸುವ ಲಾಕ್ ಇದ್ದರೆ ಬೆಳಿಗ್ಗೆಯೇ ಎರಡನ್ನೂ ತಿರುಗಿಸಿಟ್ಟು ಹೊರಡಿ. ಮೊಣಕಾಲುದ್ದದ ಕೆಸರಿನಲ್ಲಿ, ಇಂಬಳಗಳ ನಡುವೆ ಕೂತು ಅದನ್ನು ಮಾಡುವುದು ಸುಖದ ಕೆಲಸವಲ್ಲ. ಲೋ ರೇಂಜನ್ನು ಗಾಡಿ ನಿಲ್ಲಿಸಿ ಹಾಕಿ. ಅದು ಚಕ್ರದ ವೇಗವನ್ನು ಸುಮಾರು ಎರಡೂವರೆ ಪಟ್ಟು ಇಳಿಸಿ, ಅಷ್ಟೇ ಪಟ್ಟು ಎಳೆತ ಕೊಡುತ್ತದೆ.

ಒಣ ಡಾಂಬರಿನಲ್ಲಿ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕಾಗುತ್ತದೆ. ಈ ಗಾಡಿಗಳಲ್ಲಿ ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ನಡುವೆ ಆ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. ಮಣ್ಣಿನಲ್ಲಾದರೆ ಚಕ್ರ ತುಸು ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲಾಗದೆ ಶಾಫ್ಟುಗಳು ಬಿಗಿದುಕೊಂಡು, ಸ್ಟೀರಿಂಗ್ ಭಾರವಾಗಿ, ಕೊನೆಗೆ ಜಾಯಿಂಟೋ ಹಲ್ಲೋ ಮುರಿಯುತ್ತದೆ. ಲಿವರ್ ಹೊರಬರದೆ ಸಿಕ್ಕಿಕೊಂಡಿದ್ದರೆ ಸ್ವಲ್ಪ ದೂರ ನೇರವಾಗಿ ಹಿಂದಕ್ಕೆ ಹೋಗಿ, ಬಿಡುತ್ತದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುವುದಿಲ್ಲವೇ?

ಉಳಿಯುವ ಡೀಸೆಲಿನ ಬೆಲೆ ಬ್ರೇಕ್ ಲೈನರಿನ ಬೆಲೆಗೂ ಸಾಟಿಯಲ್ಲ. ಕಡಿದಾದ ಇಳಿಜಾರಿನ ನೆತ್ತಿಯಲ್ಲೇ ಗಾಡಿ ನಿಲ್ಲಿಸಿ ಫೋರ್ ವೀಲ್ ಲೋ, ಮೊದಲ ಅಥವಾ ಎರಡನೇ ಗೇರ್ ಹಾಕಿ, ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆಯಿರಿ. ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ, ಬ್ರೇಕನ್ನು ಆಗೀಗ ಹಗುರಾಗಿ ಮುಟ್ಟಿದರೆ ಸಾಕು. ಉದ್ದಕ್ಕೂ ಒತ್ತಿ ಹಿಡಿದರೆ ಡ್ರಮ್ ಕಾದು ಹಿಡಿತ ಸಡಿಲವಾಗುತ್ತದೆ. ಎಂಜಿನ್ ಆರಿಸಿ ಇಳಿಯುವುದಂತೂ ಕೂಡದು: ಬೂಸ್ಟರ್ ಹೋಗುತ್ತದೆ, ಪವರ್ ಸ್ಟೀರಿಂಗ್ ಇದ್ದರೆ ಅದೂ ಹೋಗುತ್ತದೆ.

ಇಳಿಜಾರಿನಲ್ಲಿ ನೇರವಾಗಿ ಇಳಿಯಿರಿ, ಅಡ್ಡ ತಿರುಗಿಸಬೇಡಿ. ಹಿಂಬದಿ ಪಕ್ಕಕ್ಕೆ ಜಾರತೊಡಗಿದರೆ ಮುಂದಿನ ಚಕ್ರವನ್ನು ಇಳಿಜಾರಿನ ಕಡೆಗೇ ತಿರುಗಿಸಿ. ಮನಸ್ಸು ಬೇರೆಯದನ್ನೇ ಹೇಳುತ್ತದೆ, ಆದರೆ ಅಡ್ಡ ನಿಂತ ಜೀಪ್ ಮಗುಚುತ್ತದೆ.

ಸ್ಟೀರಿಂಗ್ ಹಿಡಿಯುವಾಗ ಹೆಬ್ಬೆರಳು ಕಡ್ಡಿಯ ಒಳಗೆ ಸಿಕ್ಕಿಸಬೇಡಿ. ಚಕ್ರ ಕಲ್ಲಿಗೆ ಬಡಿದಾಗ ಸ್ಟೀರಿಂಗ್ ಝಾಡಿಸಿದರೆ ಬೆರಳು ಮುರಿಯುತ್ತದೆ. ಕೆಸರು ಮೆತ್ತಿದ ಗಂಬೂಟಿನ ಅಡಿಯನ್ನು ಹುಲ್ಲಿಗೆ ಒರೆಸಿ ಹತ್ತುವುದೂ ಬ್ರೇಕ್ ಪರೀಕ್ಷೆಯ ಭಾಗವೇ.

ಏರಿನ ಮಧ್ಯದಲ್ಲಿ ಎಂಜಿನ್ ನಿಂತರೆ?

ಕ್ಲಚ್ ಒತ್ತುವ ಮೊದಲು ಬ್ರೇಕ್ ಒತ್ತಿ. ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ಒತ್ತಿ ರಿವರ್ಸ್ ಹಾಕಿ, ಕ್ಲಚ್ ಬಿಡಿ. ಈಗ ಗೇರ್ ಗಾಡಿಯನ್ನು ಹಿಡಿದಿರುತ್ತದೆ. ಹ್ಯಾಂಡ್‌ಬ್ರೇಕ್ ಇಳಿಸಿ, ಕಾಲನ್ನು ಬ್ರೇಕಿನಿಂದ ನಿಧಾನ ತೆಗೆಯುತ್ತ ಗೇರಿನಲ್ಲೇ ಸೆಲ್ಫ್ ಹೊಡೆಯಿರಿ. ಎಂಜಿನ್ ಹತ್ತಿಕೊಂಡು ಗಾಡಿ ತನ್ನ ಲೆಕ್ಕದಲ್ಲಿ ಹಿಂದಿಳಿಯುತ್ತದೆ. ಬಂದ ಜಾಡಿನಲ್ಲೇ ನೇರ ಇಳಿಯಿರಿ. ಅರ್ಧ ಏರಿನಲ್ಲಿ ತಿರುಗಿಸಿಕೊಳ್ಳಲು ಹೋಗಬೇಡಿ. ಕ್ಲಚ್ ಒತ್ತದೆ ಸೆಲ್ಫ್ ಹೊಡೆಯದ ಹೊಸ ಗಾಡಿಗಳಿಗೆ ಈ ಉಪಾಯ ನಡೆಯುವುದಿಲ್ಲ. ಅವುಗಳ ಕೈಪಿಡಿ ನೋಡಿ.

ಹಳ್ಳ ದಾಟುವಾಗ ಎಷ್ಟು ನೀರು ಸರಿ?

ನಿಂತ ನೀರಾದರೆ ಚಕ್ರದ ಹಬ್‌ವರೆಗೆ. ಹರಿಯುವ ನೀರಾದರೆ ಅದಕ್ಕಿಂತ ಕಡಿಮೆ. ತಳ ಕಾಣದಿದ್ದರೆ ಮೊದಲು ಒಬ್ಬರು ಕೋಲು ಹಿಡಿದು ನಡೆದು ದಾಟಬೇಕು. ಮನುಷ್ಯ ನಡೆದು ದಾಟಲಾಗದ ಹರಿವಿಗೆ ಜೀಪ್ ಇಳಿಸಬಾರದು. ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಹಗುರಾಗಿ ಒತ್ತಿಕೊಂಡೇ ಓಡಿಸಿ, ಒದ್ದೆಯಾದ ಡ್ರಮ್ ಒಣಗಲಿ. ಮರುದಿನ ಹೌಸಿಂಗ್ ಆಯಿಲ್ ಬೆಳ್ಳಗಾಗಿದೆಯೇ ನೋಡಿ.

ಎಷ್ಟು ಭಾರ ಹಾಕಬಹುದು? ಚೀಲದ ಮೇಲೆ ಜನ ಕೂರಬಹುದೇ?

ಎರಡನೆಯದಕ್ಕೆ ಉತ್ತರ ಕೂಡದು ಎಂಬುದೇ. ಮೊದಲನೆಯದು ಆರ್‌ಸಿಯಲ್ಲೂ ಕೈಪಿಡಿಯಲ್ಲೂ ಇದೆ, ಆದರೆ ಲೆಕ್ಕ ಹಾಕುವವರು ಕಡಿಮೆ. ಯೂರಿಯ ಚೀಲ 45 ಕಿಲೊ, ಕಾಫಿ ಚೀಲ 50 ಕಿಲೊ. ಹತ್ತು ಕಾಫಿ ಚೀಲಕ್ಕೆ ಅರ್ಧ ಟನ್ ಆಯಿತು. ಚೀಲಗಳನ್ನು ಎತ್ತರಕ್ಕೆ ಪೇರಿಸದೆ, ಹಿಂದಿನ ಅಚ್ಚಿಗಿಂತ ಮುಂದಕ್ಕೆ, ತಗ್ಗಾಗಿ ಇಟ್ಟು ಹಗ್ಗ ಕಟ್ಟಿ. ಹಿಂದೆ ಭಾರ ಜಾಸ್ತಿಯಾದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಕೇಳುವುದಿಲ್ಲ. ಕಾಳುಮೆಣಸಿನ ಏಣಿ ಸಾಗಿಸುವಾಗ ಅದನ್ನು ಮಲಗಿಸಿಯೇ ಕಟ್ಟಬೇಕು. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಜೀವ ಹೋಗುವುದು ನಮ್ಮ ಕಡೆ ಹೊಸ ಸುದ್ದಿಯೇನಲ್ಲ.

ಬಾನೆಟ್ ಮೇಲೆ, ಪಾದಾನಿಯ ಮೇಲೆ, ಹಿಂದಿನ ಬಾಗಿಲಿಗೆ ಜೋತುಬಿದ್ದು ಯಾರೂ ಬರಕೂಡದು. ಮಗುವನ್ನು ಚಾಲಕನ ತೊಡೆಯ ಮೇಲೆ ಕೂರಿಸಿ ಸ್ಟೀರಿಂಗ್ ಹಿಡಿಸುವ ಪ್ರೀತಿ ಅಂಗಳದಲ್ಲೂ ಬೇಡ.

ಟಾರ್ಪಾಲಿನ್ ಹೊದಿಕೆಯ ಜೀಪ್‌ಗೆ ಸೀಟ್ ಬೆಲ್ಟ್ ಏಕೆ?

ಮಗುಚಿದಾಗ ಹೊರಗೆ ಎಸೆಯಲ್ಪಟ್ಟು ಗಾಡಿಯಡಿ ಸಿಕ್ಕಿಕೊಳ್ಳದಿರಲು. ಬಟ್ಟೆಯ ಹೊದಿಕೆ ಬಿಸಿಲು, ಮಳೆ ತಡೆಯುತ್ತದೆ, ಬೇರೇನನ್ನೂ ತಡೆಯುವುದಿಲ್ಲ. ಕಾರ್ಖಾನೆಯಿಂದಲೇ ಗಟ್ಟಿ ಕಮಾನು, ಮೂರು ಬಿಂದುವಿನ ಬೆಲ್ಟ್ ಬಂದ ಗಾಡಿ ಸಿಕ್ಕರೆ ಅದನ್ನೇ ಆರಿಸಿ. ವರ್ಕ್‌ಶಾಪಿನಲ್ಲಿ ಕಂಡಕಂಡದ್ದನ್ನು ವೆಲ್ಡ್ ಮಾಡಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧವಾಗಬಹುದು.

ತೋಟದೊಳಗೇ ಓಡಿಸುವುದಕ್ಕೆ ಲೈಸೆನ್ಸ್, ವಿಮೆ ಬೇಕೇ?

ತೋಟದ ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗಲು ಪಂಚಾಯಿತಿ ರಸ್ತೆ ದಾಟುತ್ತೀರಾ? ಹಾಗಿದ್ದರೆ ನೋಂದಣಿ, ವಿಮೆ, ಹೊಗೆ ಪ್ರಮಾಣಪತ್ರ, 18 ತುಂಬಿದ ಲೈಸೆನ್ಸ್‌ದಾರ ಚಾಲಕ ಎಲ್ಲವೂ ಬೇಕು. ದಾಟದಿದ್ದರೂ ವಿಮೆ ಇರಲಿ.

ಮಂಜು, ಮಳೆ, ಆನೆ?

ದೀಪ, ವೈಪರ್, ಹಾರ್ನ್ ಮೂರನ್ನೂ ಹೊರಡುವ ಮುನ್ನ ಒಮ್ಮೆ ಚಾಲೂ ಮಾಡಿ. ಸಕಲೇಶಪುರ, ಆಲೂರು, ವಿರಾಜಪೇಟೆ ಕಡೆ ಬೆಳಗಿನ ಜಾವ ಹೊರಡುವವರು ಆನೆಗಳ ಓಡಾಟದ ಬಗ್ಗೆ ಅರಣ್ಯ ಇಲಾಖೆಯ ಸೂಚನೆ ನೋಡಿಕೊಳ್ಳಬೇಕು. ರಿವರ್ಸ್ ಗೇರ್ ತಕ್ಷಣ ಬೀಳುತ್ತದೆಯೇ, ಸೆಲ್ಫ್ ಒಂದೇ ಸಲಕ್ಕೆ ಹಿಡಿಯುತ್ತದೆಯೇ ಎಂಬುದು ಅಲ್ಲಿ ಸೌಕರ್ಯದ ಪ್ರಶ್ನೆಯಲ್ಲ. ತಳ್ಳಿ ಚಾಲೂ ಮಾಡುವ ಜೀಪ್ ಆನೆ ಓಡಾಡುವ ತೋಟಕ್ಕೆ ತಕ್ಕದ್ದಲ್ಲ.

ಜೀಪ್ ಬದಲು ಎಟಿವಿ ಅಥವಾ ಯುಟಿವಿ ತಂದಿದ್ದೇವೆ. ಇದೇ ನಿಯಮಗಳೇ?

ಮೂಲ ಒಂದೇ, ವಿವರ ಬೇರೆ. ಬೈಕಿನಂತೆ ಕಾಲು ಹಾಕಿ ಕೂರುವ ಎಟಿವಿ ಹೆಚ್ಚಾಗಿ ಒಬ್ಬರಿಗಾಗಿಯೇ ಮಾಡಿದ್ದು. ಸೀಟು ಉದ್ದವಾಗಿರುವುದು ಓಡಿಸುವವರು ಹಿಂದೆ ಮುಂದೆ ಸರಿದು ತೂಕ ಹೊಂದಿಸಲಿಕ್ಕೆ, ಇನ್ನೊಬ್ಬರನ್ನು ಕೂರಿಸಲಿಕ್ಕಲ್ಲ. ಹೆಲ್ಮೆಟ್ ಕಡ್ಡಾಯ. ದೊಡ್ಡವರ ಎಟಿವಿಯನ್ನು 16 ತುಂಬದವರಿಗೆ ಕೊಡಬಾರದೆಂದು ತಯಾರಕರೇ ಗಾಡಿಯ ಮೇಲೆ ಅಂಟಿಸಿರುತ್ತಾರೆ. ಟೈರಿನ ಗಾಳಿ ಹಲವು ಎಟಿವಿಗಳಲ್ಲಿ 10 ಪಿಎಸ್‌ಐಗಿಂತಲೂ ಕಡಿಮೆ. ಪೆಟ್ರೋಲ್ ಬಂಕಿನ ಮೀಟರ್ ಅಷ್ಟು ಕೆಳಗಿನದನ್ನು ಸರಿಯಾಗಿ ತೋರಿಸುವುದಿಲ್ಲ, ಕಡಿಮೆ ಒತ್ತಡದ ಗೇಜ್ ಕೊಳ್ಳಿ.

ಅಕ್ಕಪಕ್ಕ ಕೂರುವ ಯುಟಿವಿಗೆ ಸ್ಟೀರಿಂಗ್, ಕಮಾನು, ಬೆಲ್ಟ್ ಇರುತ್ತವೆ. ಬೆಲ್ಟ್ ಹಾಕಿ, ಪಕ್ಕದ ಬಲೆ ಕಟ್ಟಿ. ಗಾಡಿ ವಾಲಿದಾಗ ಕೈ ಚಾಚಿ ನೆಲ ಹಿಡಿಯಲು ಹೋದರೆ ಕೈ ಕಮಾನಿನಡಿ ಸಿಕ್ಕುತ್ತದೆ. ಪಾದ ನೆಲಕ್ಕೆ ತಾಗದ ಮಕ್ಕಳನ್ನು ಪಕ್ಕದ ಸೀಟಿನಲ್ಲಿ ಕೂರಿಸಬೇಡಿ. ನೋಂದಣಿಯಿಲ್ಲದ ಇಂಥ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ತರುವಂತಿಲ್ಲ.

ಪ್ರವಾಸಿಯಾಗಿ ಬಾಡಿಗೆ ಜೀಪ್ ಹತ್ತುವಾಗ ನಾನೇನು ನೋಡಬಹುದು?

ಕೊಡಗಿನ ಮಾಂದಲ್‌ಪಟ್ಟಿ ಬೆಟ್ಟದಂಥ ದಾರಿಯಲ್ಲಿ ಚಾಲಕನಿಗೆ ನಿಮಗಿಂತ ಹೆಚ್ಚು ಗೊತ್ತಿರುತ್ತದೆ. ಆದರೂ ಟೈರ್ ನೋಡಲು, ತಲೆ ಎಣಿಸಲು ಪರಿಣತಿ ಬೇಡ. ಸೀಟಿಗಿಂತ ಹೆಚ್ಚು ಜನರನ್ನು ತುರುಕಿದರೆ ಮುಂದಿನ ಜೀಪ್ ಹತ್ತಿ. ನಿಂತು ಫೋಟೊ ತೆಗೆಯಬೇಡಿ, ಬೇಗ ಹೋಗೆಂದು ಚಾಲಕನನ್ನು ಅವಸರಿಸಬೇಡಿ.

ಹೂತ ಗಾಡಿಯನ್ನು ಎಳೆಯುವಾಗ?

ಹಗ್ಗವನ್ನು ಚಾಸಿಗೆ ಬೋಲ್ಟ್ ಮಾಡಿದ ಕೊಕ್ಕೆಗೆ ಕಟ್ಟಿ, ಬಂಪರಿಗಲ್ಲ. ಬಿಗಿದ ಹಗ್ಗದ ಗೆರೆಯಲ್ಲಿ, ಹಗ್ಗದ ಉದ್ದಕ್ಕಿಂತ ಹತ್ತಿರದಲ್ಲಿ ಯಾರೂ ನಿಲ್ಲಬಾರದು. ನಡುವೆ ಒದ್ದೆ ಗೋಣಿಚೀಲ ಹೊದಿಸಿದರೆ ಹಗ್ಗ ತುಂಡಾದಾಗ ಹಾರುವ ರಭಸ ತಗ್ಗುತ್ತದೆ. ಚಕ್ರ ಸುಮ್ಮನೆ ತಿರುಗತೊಡಗಿದ ಕೂಡಲೇ ನಿಲ್ಲಿಸಿ. ಮತ್ತೆ ಮತ್ತೆ ಆಕ್ಸಿಲರೇಟರ್ ಒತ್ತಿದರೆ ಗಾಡಿ ಹೌಸಿಂಗ್‌ವರೆಗೆ ಕೂತುಬಿಡುತ್ತದೆ, ಆಮೇಲೆ ಟ್ರ್ಯಾಕ್ಟರ್ ಕರೆಸಬೇಕು.

ಪರೀಕ್ಷಿಸಿದ್ದನ್ನು ಬರೆದಿಡಬೇಕೇ?

ಒಬ್ಬನೇ ಓಡಿಸುವ ಗಾಡಿಗೆ ಬೇಕೆಂದೇನಿಲ್ಲ. ರೈಟರ್ (ತೋಟದ ಗುಮಾಸ್ತ), ಮೇಸ್ತ್ರಿ, ಮಾಲೀಕರ ಮಗ ಹೀಗೆ ಕೈ ಬದಲಾಗುವ ಗಾಡಿಗೆ ಬೇಕು. ಶೆಡ್ಡಿನ ಗೋಡೆಗೆ ಒಂದು ನೋಟ್‌ಬುಕ್ ನೇತುಹಾಕಿ ದಿನಾಂಕ, ಬ್ರೇಕ್ ಆಯಿಲ್ ಮಟ್ಟ, ಕಂಡ ದೋಷ, ನೋಡಿದವರ ಹೆಸರು ಬರೆಸಿ. ದೋಷ ಬರೆದ ದಿನ ಕೀಲಿ ಯಾರ ಬಳಿ ಇರಬೇಕು ಎಂಬುದನ್ನೂ ಮೊದಲೇ ತೀರ್ಮಾನಿಸಿ. ದೋಷವಿದೆ ಎಂದು ಬರೆದವನನ್ನೇ ಬೈದು ಅದೇ ಗಾಡಿಯಲ್ಲಿ ಗೊಬ್ಬರ ಕಳಿಸುವ ತೋಟದಲ್ಲಿ ಮರುವಾರದಿಂದ ಎಲ್ಲ ಪುಟದಲ್ಲೂ ‘ಸರಿ ಇದೆ’ ಎಂದೇ ಇರುತ್ತದೆ.